ಬೆಟ್ಟದ ದಾರಿಯ ಬಸ್ಸು

“ರಸ್ತೆ ಮೇಲೆ ಹಿಮ ಗಟ್ಟಿಯಾದ ದಿನ ಆ ಮೂರನೇ ತಿರುವಲ್ಲಿ ಬಸ್ಸು ಜಾರ್ತು ಅನ್ನಿ. ಕೆಳಗೇನಿದೆ? ಹೊಳೆ!”

ಮಾರ್ಜಿ ಥಿಬೋ ಹೀಗೆಂದದ್ದೇ ತಡ, ಸಭೆಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಹೆಂಗಸರ ಕೈ ನಿಂತಿತು. ಮಾರ್ಚಿನ ಮೊದಲ ಮಂಗಳವಾರ ಅಮೆರಿಕದ ವರ್ಮಾಂಟಿನ ಈ ಊರಿನವರೆಲ್ಲ ಒಟ್ಟಿಗೆ ಕೂತು, ಕೈಯೆತ್ತಿಯೇ ಊರಿನ ಸಂಗತಿ ತೀರ್ಮಾನಿಸುವುದು. ಈ ಸಲ, ಹದಿನೇಳು ಮಕ್ಕಳ ಕಿರಿಯ ಶಾಲೆ ಮುಚ್ಚಿ, ದೊಡ್ಡ ಮಕ್ಕಳಂತೆ ಅವರನ್ನೂ ಬೆಟ್ಟದಾಚೆಯ ದೊಡ್ಡ ಶಾಲೆಗೆ ಬಸ್ಸಿನಲ್ಲಿ ಕಳಿಸಬೇಕೇ ಎಂಬ ಪ್ರಶ್ನೆ. ಮಾರ್ಜಿ ಆ ಕಿರಿಯ ಶಾಲೆಯ ಒಬ್ಬಳೇ ಟೀಚರು. ಬೆಳಗ್ಗೆಯಿಂದ ಓದು, ಬರಹ, ಅಕ್ಕರೆ ಅಂತ ಏನೇನೋ ಹೇಳಿ ನೋಡಿದ್ದಳು, ಜನ ಆಕಳಿಸಿದ್ದರು. ಪಾಪ, ಇನ್ನೇನು ಮಾಡಿಯಾಳು?

“ನೀರೊಳಗೆ ಆರು ವರ್ಷದ ಕೂಸಿಗೆ ಬಸ್ಸಿನ ಕಿಟಕಿ ತೆಗೆಯೋಕಾಗುತ್ತಾ? ನೀವೇ ಹೇಳಿ.”

ಬಸ್ಸಿನ ಡ್ರೈವರ್ ವೆಂಡೆಲ್ ಎದ್ದು ನಿಂತ. “ಇಪ್ಪತ್ತೆರಡು ವರ್ಷದಿಂದ ಓಡಿಸ್ತಿದೀನಿ ಮಾರ್ಜಿ. ಒಂದು ಕನ್ನಡಿನೂ ಒಡೆದಿಲ್ಲ. ನಿನ್ನ ಮಗಳೂ ದಿನಾ ನನ್ನ ಬಸ್ಸಲ್ಲೇ ತಾನೆ ಹೋಗೋದು?”

“ಇದುವರೆಗೂ ಆಗಿಲ್ಲ ಅಷ್ಟೇ, ವೆಂಡೆಲ್.”

ಕೈಗಳು ಎದ್ದವು. ಶಾಲೆ ಉಳಿಯಿತು. ದೊಡ್ಡ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳು ತಮ್ಮ ಪ್ರವಾಸದ ಖರ್ಚಿಗೆಂದು ಊಟ ಮಾರುತ್ತಿದ್ದ ಮೇಜಿನ ಹಿಂದೆ ನಿಂತಿದ್ದ ಮಗಳು ಆಡೀ ತಾಯಿಯನ್ನೇ ದಿಟ್ಟಿಸುತ್ತಿದ್ದಳು. ಮಾರ್ಜಿಗೆ ವೆಂಡೆಲ್‌ನ ಮುಖ ನೋಡಿ ಕಸಿವಿಸಿಯಾಯಿತು ನಿಜ, ಆದರೂ ಗೆದ್ದ ಖುಷಿಯಲ್ಲಿ ಎರಡನೇ ಸಲ ಬೀನ್ಸ್ ಹಾಕಿಸಿಕೊಂಡಳು.

ಮರುದಿನ ಬೆಳಗ್ಗೆ ಬಸ್ಸು ಮನೆಯ ಮುಂದೆ ಎರಡು ಸಲ ಹಾರನ್ ಹೊಡೆಯಿತು. ಆಡೀ ಚೀಲ ಬೆನ್ನಿಗೇರಿಸಿಕೊಂಡು ಮೆಟ್ಟಿಲ ಮೇಲೆ ಕೂತೇ ಇದ್ದಳು.

“ಏಳೇ, ವೆಂಡೆಲ್ ಕಾಯ್ತಿದಾನೆ.”

“ಅಮ್ಮಾ, ನೀನೇ ಕಾರಲ್ಲಿ ಬಿಟ್ಟು ಬರ್ತೀಯಾ?”

“ನಂಗೆ ಶಾಲೆ ಇದೆ ಕಣೆ, ಹದಿನೇಳು ಮಕ್ಕಳು ಬಾಗಿಲಲ್ಲಿ ನಿಂತಿರ್ತಾರೆ. ಅಯ್ಯೋ, ಅದೆಲ್ಲ ಸಭೆಗೆ ಅಂತ ಹೇಳಿದ್ದು. ಬಸ್ಸಿಗೇನೂ ಆಗಲ್ಲ.”

“ಹಾಗಾದ್ರೆ ಸುಳ್ಳು ಹೇಳಿದ್ಯಾ?”

ಮಾರ್ಜಿ ಮಗಳ ಕೈ ಹಿಡಿದು ಎಬ್ಬಿಸಲು ಹೋದಳು. ಆಡೀ ಏಳಲಿಲ್ಲ.

ಬೆಟ್ಟ ಹತ್ತುವ ಮುಂಚೆ ಇವರದೇ ಕೊನೆಯ ಮನೆ. ದಿನವೂ ಇಲ್ಲಿಗೆ ಬರುವಷ್ಟರಲ್ಲಿ ಬಸ್ಸಿನೊಳಗೆ ಗಲಾಟೆಯೋ ಗಲಾಟೆ. ಇವತ್ತು ವೆಂಡೆಲ್ ಬಾಗಿಲು ತೆರೆದು, ಮಂಡಿಯ ಮೇಲೆ ಟೊಪ್ಪಿ ಇಟ್ಟುಕೊಂಡು ಕೂತಿದ್ದ. ಅವನ ಹಿಂದೆ ಒಂದು ಸೀಟಿನಲ್ಲೂ ಮಕ್ಕಳಿರಲಿಲ್ಲ.