ಹುಲ್ಲಿಲ್ಲದ ಮೂಲೆ

ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಯಾವ ಅಂಗಳಕ್ಕಾದರೂ ಐದೇ ಗುಂಡಿ. ಅಂಗಳ ಅಂಗೈಯಗಲವಿರಲಿ, ಲಾರಿ ತಿರುಗಿಸುವಷ್ಟಿರಲಿ, ಐದು. ಐದರ ಮಣ್ಣನ್ನೂ ಒಂದು ಬಕೆಟ್ಟಿನಲ್ಲಿ ಬೆರೆಸಿ, ಒಂದು ಡಬ್ಬಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರೆ ಒಂದು ಅಂಕಿ ಬರುತ್ತದೆ. ಅಂಕಿ ಮಿತಿಯೊಳಗಿದ್ದರೆ ಅಂಗಳ ಶುದ್ಧ. ಈ ಪದ್ಧತಿಯನ್ನು ತಂದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಯಾರನ್ನು ಕೇಳಿ ಬದಲಿಸಬೇಕೆಂಬುದೂ ಗೊತ್ತಿರಲಿಲ್ಲ.

ಗುಂಡಿ ತೋಡುವವನನ್ನು ಎಲ್ಲರೂ ಗುಂಡಿಯಣ್ಣ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದ ಸರ್ವಿಸು. ತೋಡಿ ಮುಚ್ಚಿದ ಜಾಗವನ್ನು ಆಮೇಲೆ ಅವನೇ ಹುಡುಕಲಾರ, ಅಂಥ ಅಚ್ಚುಕಟ್ಟು.

ಶಿಶುವಿಹಾರದ ಅಂಗಳಕ್ಕೆ ತೊಂಬತ್ತಾರು ಬಂದಿತ್ತು. ಸೀಸಕ್ಕೆ ಕಚೇರಿಯ ನಿಯಮದ ಮಿತಿ ಇನ್ನೂರು. ಸಾಹೇಬರು ಪತ್ರಕ್ಕೆ ಸಹಿ ಜಡಿದು, "ಆ ಜಾಗದಲ್ಲಿ ಮೊದಲು ಬ್ಯಾಟರಿ ಅಂಗಡಿ ಇತ್ತು ಅಂತ ಸುಮ್ಮನೆ ಹೆದರಿಸಿದ್ರಲ್ಲಮ್ಮ! ಹೋಗಿ ಕೊಟ್ಟು ಬನ್ನಿ," ಎಂದು ಪರೀಕ್ಷಕಿಯ ಕೈಗಿತ್ತರು. ಸೋಮವಾರದೊಳಗೆ ಆ ಪತ್ರ ಸಲ್ಲಿಸದಿದ್ದರೆ ಶಿಶುವಿಹಾರದ ಪರವಾನಗಿ ರದ್ದು. ಅಂದು ಶುಕ್ರವಾರ.

ಪರೀಕ್ಷಕಿ ಗುಂಡಿಯಣ್ಣನ ಜೊತೆ ಹೋದಾಗ ಟೀಚರ್ ಗೇಟಿನಲ್ಲೇ ಕಾದಿದ್ದರು.

"ಪಾಸಾ ಫೇಲಾ ಮೊದಲು ಹೇಳ್ಬಿಡಿ ಮೇಡಂ. ಎದೆ ಡವಡವ ಅಂತಿದೆ."

"ಪಾಸು!" ಎಂದ ಗುಂಡಿಯಣ್ಣ, ತಾನೇ ಪರೀಕ್ಷೆಗೆ ಕೂತು ಬಂದವನಂತೆ.

"ನಿಮ್ಮ ಬಾಯಿಗೆ ಸಕ್ಕರೆ ಹಾಕ. ನಾಲ್ಕು ವರ್ಷ ಕಟ್ಟಿದ್ದೀನಿ ಇದನ್ನ. ಮುಚ್ಚಿದ್ರೆ ನಾನೆಲ್ಲಿಗೆ ಹೋಗ್ಲಿ, ಈ ಮಕ್ಕಳ ಅಮ್ಮಂದಿರು ಕೆಲಸಕ್ಕೆ ಹೇಗೆ ಹೋಗ್ಲಿ?"

ಒಳಗೆ ಹದಿನಾಲ್ಕು ಮಕ್ಕಳು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಪತ್ರ ತೆಗೆಯಲು ಚೀಲಕ್ಕೆ ಕೈ ಹಾಕಿದ ಪರೀಕ್ಷಕಿ ಖಾಲಿ ಅಂಗಳದತ್ತ ನೋಡಿದಳು. ಕಾಲ್ಬೆರಳು ಮುಳುಗುವಷ್ಟು ಹುಲ್ಲು. ಹಿಂದಿನ ಗೋಡೆಯ ನೆರಳಿನ ಒಂದು ಮೂಲೆ ಮಾತ್ರ ಬೋಳು, ಸವೆದು ನುಣ್ಣಗಾಗಿತ್ತು. ಅಲ್ಲಿ ಒಂದು ಮುರುಕು ಚಮಚ, ಡಬ್ಬಿಯ ಮುಚ್ಚಳ, ಸಾಲಾಗಿ ಜೋಡಿಸಿದ ಮಣ್ಣಿನ ಉಂಡೆಗಳು. ಅವಳು ಪತ್ರದ ಬದಲು ಗುಂಡಿಗಳ ನಕ್ಷೆ ತೆಗೆದಳು. ಐದೂ ಗುರುತು ಹುಲ್ಲಿನ ಮೇಲಿದ್ದವು.

"ಗುಂಡಿಯಣ್ಣ, ಆ ಮೂಲೆ?"

"ಅಲ್ಲಿ ತೋಡಿಲ್ಲ ಮೇಡಂ. ಅವತ್ತು ಮಕ್ಕಳು ಅಲ್ಲಿ ಅಂಗಡಿ ಆಟ ಆಡ್ತಿದ್ರು. ಏಳ್ರೋ ಅಂದ್ರೆ ಒಂದು ಹುಡುಗಿ ಅತ್ತೇ ಬಿಡ್ತು. ಪಾಪ, ಆಟ ಯಾಕೆ ಕೆಡಿಸೋದು ಅಂತ ಈ ಕಡೆನೇ ಮುಗಿಸ್ದೆ." ಅವಳ ಮುಖ ನೋಡಿ ಸೇರಿಸಿದ, "ಐದಕ್ಕೆ ಐದೂ ತೋಡಿದ್ದೀನಿ."

ಮಕ್ಕಳು ಎಲ್ಲೆಲ್ಲಿ ಕೂರುವುದಿಲ್ಲವೋ ಅಲ್ಲೆಲ್ಲ ಮಣ್ಣು ಚೊಕ್ಕಟವಾಗಿದೆ ಎಂದು ಕಚೇರಿ ಸಹಿಸಮೇತ ಸಾಬೀತು ಮಾಡಿತ್ತು.

ಸ್ಥಳದಲ್ಲೇ ಸೀಸ ಅಳೆಯುವ, ಪಿಸ್ತೂಲಿನಾಕಾರದ ಒಂದು ಯಂತ್ರವಿತ್ತು. ಕಚೇರಿಯಲ್ಲಿಟ್ಟರೆ ಕಾಣೆಯಾಗುತ್ತದೆಂದು ಪರೀಕ್ಷಕಿ ಅದನ್ನು ಚೀಲದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಬೋಳು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಅದರ ಮೂತಿಯನ್ನು ಮಣ್ಣಿಗೆ ಒತ್ತಿದಳು. ಸಾವಿರದ ನೂರ ನಲವತ್ತು. ಒಂದಡಿ ಪಕ್ಕಕ್ಕೆ ಒತ್ತಿದಳು. ಸಾವಿರದ ಮುನ್ನೂರು.

"ಏನಂತೆ?" ಟೀಚರ್ ಕೇಳಿದರು. ಅವಳು ಹೇಳಿದಳು.

"ಅದು ಬರೀ ಅಂದಾಜಿನ ಯಂತ್ರ ಅಂತ ನೀವೇ ಹೇಳಿದ್ರಿ ಆವತ್ತು."

"ಹೌದು. ಅಂದಾಜು ಇಷ್ಟೊಂದು ತಪ್ಪಾಗಲ್ಲ."

"ಮೂಲೆಗೆ ಬೇಲಿ ಹಾಕಿಸ್ತೀನಿ. ಇವತ್ತೇ ಹಾಕಿಸ್ತೀನಿ."

"ಬೇಲಿಗೆ ಧೂಳು ನಿಲ್ಲಲ್ಲ ಟೀಚರ್."

"ನಿಮ್ಮ ಸಾಹೇಬ್ರೇ ಸಹಿ ಹಾಕಿದ್ದಾರೆ. ನಿಮಗೇನು ಮೇಡಂ ಹೋಗೋದು? ಆ ಕಾಗದ ಕೊಟ್ಟು ಹೋಗ್ಬಿಡಿ. ನನ್ನ ಬಾಯಿಗೆ ಮಣ್ಣು ಹಾಕ್ಬೇಡಿ..."

ಹೇಳಿದ ಮೇಲೆ ಆ ಮಾತು ಟೀಚರ್ ಕಿವಿಗೇ ಬಿತ್ತು. ಅವರು ಉಂಡೆಗಳ ಸಾಲನ್ನು ನೋಡಿದರು. ಗುಂಡಿಯಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಎಲ್ಲಿಡಬೇಕೆಂದು ತಿಳಿಯದವನಂತಿದ್ದ.

ಟೀಚರ್ ಕೇಳಿದರು, "ಎಷ್ಟು ತಿಂದ್ರೆ ತೊಂದರೆ?"

"ಒಂದು ಮಗು ದಿನಕ್ಕೆ ಒಂದು ಚಿಟಿಕೆ ಮಣ್ಣು ನುಂಗತ್ತೆ ಅಂತ ಲೆಕ್ಕ. ಇನ್ನೂರು ಅನ್ನೋ ಮಿತಿ ಅದರ ಮೇಲೇ ನಿಂತಿರೋದು."

"ಚಿಟಿಕೆ!" ಟೀಚರ್ ನಕ್ಕರೋ ಬಿಕ್ಕಿದರೋ ತಿಳಿಯಲಿಲ್ಲ. "ಆ ಲೆಕ್ಕ ಹಾಕಿದ ಮಹಾನುಭಾವರು ಒಂದು ದಿನವಾದ್ರೂ ಮಗು ಆಡಿಸಿದಾರಾ? ನಮ್ಮ ಚಿನ್ನಿ ಇಲ್ಲಿ ಅಂಗಡಿ ಯಜಮಾನಿ. ಅವಳು ಉಂಡೆ ಕೊಟ್ರೆ ಗಿರಾಕಿ ತಿನ್ನಲೇಬೇಕು, ಇಲ್ಲಾಂದ್ರೆ ಅಳ್ತಾಳೆ. ಡುಮ್ಮ ಎರಡು ತಿಂದು ಇನ್ನೊಂದು ಕೇಳ್ತಾನೆ. ನಾನು ಬೈತೀನಿ, ಬಾಯಿ ತೊಳೀತೀನಿ, ಆಮೇಲೆ ನನಗೂ ನಗು ಬರತ್ತೆ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ರಕ್ತದಲ್ಲಿ ಗೊತ್ತಾಗತ್ತಾ?"

"ಗೊತ್ತಾಗತ್ತೆ. ಬೇಗ ನೋಡಿದಷ್ಟೂ ಒಳ್ಳೇದು."

"ಹಾಗಾದ್ರೆ ಬರ್ಕೊಳ್ಳಿ. ಯಾರು ಎಷ್ಟು ತಿಂತಾರೆ ಅಂತ ನನಗಿಂತ ಯಾರಿಗೆ ಗೊತ್ತು?"

ಪರೀಕ್ಷಕಿ ಚೀಲದಲ್ಲಿ ಹಾಳೆ ತಡಕಾಡಿದಳು.

"ಅದಿದೆಯಲ್ಲ," ಎಂದರು ಟೀಚರ್. "ಸಹಿ ಹಾಕಿದ್ದು. ಅದರ ಹಿಂದೆ ಬರೀರಿ."

ಮೊದಲು ಡುಮ್ಮ. ಆಮೇಲೆ ಚಿನ್ನಿ, ಕಿವಿ ನೋವಿನವನು, ಅವಳಿ ಹುಡುಗಿಯರಲ್ಲಿ ಚಿಕ್ಕವಳು. ಹದಿನಾಲ್ಕೂ ಆದವು. ಪರೀಕ್ಷಕಿ ಪೆನ್ನು ಮುಚ್ಚಲಿಲ್ಲ. "ಹೋದ ವರ್ಷ ದೊಡ್ಡ ಸ್ಕೂಲಿಗೆ ಹೋದವರು?" ಎಂದು ಮೆಲ್ಲಗೆ ಕೇಳಿದಳು.

ಟೀಚರ್ ಕಣ್ಣು ಮುಚ್ಚಿಕೊಂಡರು. "ಒಂಬತ್ತು ಜನ. ಅದಕ್ಕೂ ಹಿಂದಿನ ವರ್ಷ ಹನ್ನೊಂದು." ಬೆರಳು ಮಡಿಸುತ್ತ ಒಬ್ಬೊಬ್ಬರನ್ನೇ ನೆನಪಿಗೆ ತಂದುಕೊಂಡರು. ಒಂದು ಮಗುವಿನ ಹೆಸರು ನಾಲಿಗೆಯ ತುದಿಯಲ್ಲಿದ್ದರೂ ಬರಲೊಲ್ಲದು. "ತಡೀರಿ, ಬಿಡಬೇಡಿ, ಆ ಮಗು ಯಾವಾಗಲೂ ಇಲ್ಲೇ ಕೂರ್ತಿತ್ತು," ಎಂದರು. ಕಾಗದದ ಹಿಂಬದಿ ತುಂಬಿ, ಪರೀಕ್ಷಕಿ ಅಂಚಿನಲ್ಲಿ ಅಡ್ಡಡ್ಡ ಬರೆಯತೊಡಗಿದಾಗಲೂ ಟೀಚರ್ ಆ ಹೆಸರು ಹುಡುಕುತ್ತಲೇ ಇದ್ದರು.