ಮೇಲಿನ ಒಂಬತ್ತು ಸಾಲು

ಮೊರೋವಿಸ್ ಬೆಟ್ಟದವರು ಹಾಡುವವರಿಗೆ ಕೊಡುವುದು ಹತ್ತು ಸಾಲಿನ ಹಾಡಿನ ಕೊನೆಯ ಸಾಲೊಂದನ್ನೇ. ಮೇಲಿನ ಒಂಬತ್ತನ್ನು ನಿಂತ ನಿಲುವಿನಲ್ಲೇ ಕಟ್ಟಿ, ಪ್ರಾಸ ತಪ್ಪದ ಹಾಗೆ ಬಂದು ಹತ್ತನೆಯದರ ಮೇಲೆ ಇಳಿಯಬೇಕು. ಬರೆದುಕೊಂಡು ಬಂದವರನ್ನು ಅಲ್ಲಿ ಯಾರೂ ಮೂಸಿ ನೋಡುವುದಿಲ್ಲ.

ಬ್ರೆಡ್ ಅಂಗಡಿಯ ಎನೈದಾ ಒಂದು ಕಾಲಕ್ಕೆ ಹಿಟ್ಟು ಉಬ್ಬುವಷ್ಟರಲ್ಲಿ ಅಂಥ ಹಾಡು ಎರಡು ಕಟ್ಟುತ್ತಿದ್ದಳು. ಕಲಿಸಿದವರು ದೊನ್ ಫೆರ್ಮಿನ್. ಕಾಯಿಲೆ ಬಿದ್ದಾಗ ಮುದುಕ ಅವಳನ್ನು ಕರೆಸಿ, ತನ್ನನ್ನು ಮಣ್ಣು ಮಾಡುವ ದಿನ ಹಾಡೆಂದು ಒಂದು ಸಾಲು ಕೊಟ್ಟರು: ‘ನಾನು ಸುಮ್ಮನಾದೆ, ನೀನು ಮಾತಾಡು.’

"ಬರೀಬೇಡ," ಎಂದರು. "ಬಾಯಲ್ಲಿಟ್ಕೊಂಡು ತಿರುಗಾಡ್ತಿರು ಸಾಕು. ಬೇಜಾರಾದಾಗ ಅದೇ ಚಿಗುರುತ್ತೆ."

ಎನೈದಾಳಿಗೆ ಆಮೇಲೆ ನಾಲ್ಕು ತಿಂಗಳು ಬೇಜಾರೇ ಆಗಲಿಲ್ಲ. ಹಿಟ್ಟು ಉಬ್ಬುವಾಗ ಕೈಯಲ್ಲಿ ಫೋನು, ಒಲೆ ಕಾಯುವಾಗ ಫೋನು, ಕಾಫಿ ಆರುವವರೆಗೂ ಫೋನು. ಮೊದಮೊದಲು ತನ್ನ ಹಾಡನ್ನು ಯಾರು ಮೆಚ್ಚಿದರೆಂದು ನೋಡುತ್ತಿದ್ದವಳು ಈಗ ಏನು ಬಂದರೂ ನೋಡುತ್ತಿದ್ದಳು. ಸಾಲು ನೆನಪಾದಾಗೆಲ್ಲ, ಇದೊಂದು ಮುಗಿಯಲಿ ಅಂದುಕೊಂಡಳು. ಮುಗಿಯುವ ಜಾತಿಯದಲ್ಲ ಅದು.

ದೊನ್ ಫೆರ್ಮಿನ್ ಮಂಗಳವಾರ ತೀರಿಕೊಂಡರು. ಹೆದರಲಿಲ್ಲ ಅವಳು; ನಿಂತರೆ ಬರುತ್ತದೆ, ಯಾವತ್ತೂ ಬಂದಿದೆ. ಗುಂಡಿಯ ಪಕ್ಕದಲ್ಲಿ, ಅವಳ ಹಾಡಿಗೆ ನುಡಿಸುವ ತಾನ್ಯೊ ತನ್ನ ಹತ್ತು ತಂತಿಯ ಕ್ವಾತ್ರೊ ಮೀಟಿದ. ಒಂದನೆಯ ಸಾಲಿನ ಜಾಗ ಬಂತು, ಹೋಯಿತು. ಎರಡನೆಯದೂ ಹೋಯಿತು. ಒಳಗೆ ತಡಕಿದರೆ ನೋವಿಲ್ಲ, ನೆನಪಿಲ್ಲ, ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ. ತಾನ್ಯೊ ಕಣ್ಣು ಕೆಕ್ಕರಿಸಿದ, ಆದರೂ ಕೈ ನಿಲ್ಲಿಸಲಿಲ್ಲ. ಒಂಬತ್ತು ಸಾಲಿನಷ್ಟು ಹೊತ್ತು ಬರೀ ತಂತಿ ನುಡಿಯಿತು. ಕೊನೆಗೆ ಅವಳು ಹತ್ತನೆಯದೊಂದನ್ನೇ ಹಾಡಿದಳು.

ಜನ ಬಿಕ್ಕಿ ಬಿಕ್ಕಿ ಅತ್ತರು. ಒಂಬತ್ತು ಸಾಲು ಬಿಟ್ಟದ್ದು ಹೊಸ ವರಸೆ ಎಂದೇ ಎಲ್ಲರೂ ತಿಳಿದರು. ನಂಬದೆ ಇದ್ದವಳು ಮುದುಕನ ಹೆಂಡತಿ ದೊನ್ಯಾ ಪ್ರೊವಿ ಒಬ್ಬಳೇ. ಎಲ್ಲರೂ ಇಳಿದು ಹೋದ ಮೇಲೆ ಅವಳು ಎನೈದಾಳ ಕೈ ಹಿಡಿದಳು.

"ಮೇಲಿನ್ ಒಂಬತ್ತು ಎಲ್ಲಿ ಮಗಳೇ? ಎನೈದಾ ಎಲ್ಲೀತನಕ ಕಟ್ಟಿದ್ಲು ಅಂತ ಅವ್ರು ದಿನಾ ಕೇಳ್ತಿದ್ರು."

"ಒಂದೂ ಹುಟ್ಲಿಲ್ಲ ದೊನ್ಯಾ."

"ದುಃಖಕ್ಕಾ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. "ಅಲ್ಲ," ಎಂದಳು ಎನೈದಾ. "ಪುರುಸೊತ್ತಾಗ್ಲಿಲ್ಲ."

"ನಾಲ್ಕ್ ತಿಂಗ್ಳು ಏನ್ ಮಾಡ್ತಿದ್ದೆ?"

ಫೋನಿನಲ್ಲಿ ನೋಡಿದ್ದರಲ್ಲಿ ಒಂದನ್ನಾದರೂ ಹೇಳೋಣವೆಂದು ನೆನೆದಳು. ಒಂದೂ ನೆನಪಿಗೆ ಬರಲಿಲ್ಲ. ದೊನ್ಯಾ ಪ್ರೊವಿ ಕೈ ಬಿಟ್ಟು, ಮುದುಕನ ಹ್ಯಾಟು ಎದೆಗೊತ್ತಿಕೊಂಡು ಮನೆಯ ಕಡೆ ನಡೆದಳು.

ಮೂರನೆಯ ದಿನ ಅಂಗಡಿಯಲ್ಲಿ ಹಿಟ್ಟು ಉಬ್ಬುತ್ತಿತ್ತು. ಫೋನಿನಲ್ಲಿ ಮಣ್ಣಿನ ದಿನದ ವಿಡಿಯೊ ಯಾರೋ ಹಾಕಿದ್ದರು. ಎಂಥಾ ಮೌನ, ಎಂಥಾ ಕಲೆ ಎಂದು ಕೆಳಗೆ ಸಾವಿರ ಜನ ಬರೆದಿದ್ದರು. ಗುಂಡಿಯ ಪಕ್ಕದಲ್ಲಿ ಬಾಯಿ ತೆರೆದು ಮುಚ್ಚುವ ಹೆಂಗಸನ್ನು ಎನೈದಾ ನೋಡಿದಳು. ಅಳು ಬರಬೇಕಿತ್ತು, ಬರಲಿಲ್ಲ. ಕೊನೆಯ ಸಾಲು ಬರುವ ಮುಂಚೆಯೇ ಹೆಬ್ಬೆರಳು ಅದನ್ನು ಮೇಲಕ್ಕೆ ತಳ್ಳಿತು. ಮುಂದಿನದರಲ್ಲಿ ಯಾರೋ ನಾಯಿಗೆ ಸ್ನಾನ ಮಾಡಿಸುತ್ತಿದ್ದರು. ಅದನ್ನು ಅವಳು ಪೂರ್ತಿ ನೋಡಿದಳು.