ಖಾಲಿ ಹೊಟ್ಟೆಯ ರಕ್ತ

ಮೂತ್ರಪಿಂಡ ಎಂಬ ಮಾತಿನಲ್ಲಿ ಧರಣೇಂದ್ರನ ಕಿವಿಗೆ ನಾಟಿದ್ದು ಪಿಂಡ ಒಂದೇ. ಜೈನರಿಗೆ ಪಿಂಡದ ಗೊಡವೆಯಿಲ್ಲ, ನಿಜ. ಹೆದರಿದವನಿಗೆ ಯಾವ ಧರ್ಮ? ಇಚಲಕರಂಜಿಯ ಲ್ಯಾಬಿನವರು ಕೊಟ್ಟ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಒಂದು ಪಾಯಿಂಟ್ ಒಂಬತ್ತು, ಇರಬೇಕಾದ್ದಕ್ಕಿಂತ ಹೆಚ್ಚು. 'ಕ್ರಿಯಾ' ಎಂದು ಶುರುವಾದದ್ದು ಉತ್ತರಕ್ರಿಯೆಯಲ್ಲೇ ಮುಗಿಯುತ್ತದೆಂದು ಅವನಿಗೆ ಖಾತ್ರಿಯಾಯಿತು.

ಅಣ್ಣ ಕುಂಥುನಾಥ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ತೀರಿಹೋದವನು. ಡಯಾಲಿಸಿಸ್ಸಿನ ಸೂಜಿಗೆಂದು ಆಪರೇಷನ್ ಮಾಡಿ ಉಬ್ಬಿಸಿದ್ದ ಅವನ ಎಡಗೈಯ ನರ ಮುಟ್ಟಿದರೆ ಮಗ್ಗದ ಶೆಡ್ಡಿನ ಗೋಡೆಯಂತೆ ಅದುರುತ್ತಿತ್ತು. ಕೊಲ್ಹಾಪುರದ ಡಾಕ್ಟರ ಬಳಿಗೆ ಹೊರಟ ಬಸ್ಸಿನಲ್ಲಿ ದಾರಿಯುದ್ದಕ್ಕೂ ಧರಣೇಂದ್ರ ತನ್ನ ಎಡಗೈಯನ್ನು ಅಂಗಿಯೊಳಗೆ ಅಡಗಿಸಿ ಕೂತಿದ್ದ.

ಡಾಕ್ಟರ್ ರುಪಾಲಿ ರಿಪೋರ್ಟು ನೋಡಿ ಕೇಳಿದರು: "ಕಾಕಾ, ರಕ್ತ ಕೊಡೂ ಮುಂದ ನೀರು ಕುಡದಿದ್ರಿಲ್ಲೋ?"

"ಛೇ ಛೇ! ಸಕ್ಕರಿ ಟೆಸ್ಟಿಗೆ ಖಾಲಿ ಹೊಟ್ಟೀಲೆ ಬಾ ಅಂದಿದ್ರಲ್ರಿ."

"ನೀರೂ ಇಲ್ಲಾ?"

"ಖಾಲಿ ಅಂದ್ರ ಖಾಲಿ ರೀ. ಹೊತ್ತು ಮುಳುಗಿದ ಮ್ಯಾಲ ನಾವು ಹನಿ ನೀರು ಮುಟ್ಟಂಗಿಲ್ಲ. ಮರುದಿನ ಹೋದ್ರ ಲ್ಯಾಬ್ ಬಂದ್. ಹಿಡದ ಉಪವಾಸ ಬಿಡೂದ್ಯಾಕ ಅಂತ ಇನ್ನೊಂದ ದಿನ ಎಳದೆ."

"ಅದೂ ಈ ಬ್ಯಾಸಗ್ಯಾಗ, ಮಗ್ಗದ ಮುಂದ ಬೆವರ ಸುರಿಸಿಕೋತ," ಹೆಂಡತಿ ಮಾಣಿಕಬಾಯಿ ಸೇರಿಸಿದಳು. "ಮಂದಿ ಪುಣ್ಯಾಕ ಉಪವಾಸ ಮಾಡ್ತಾರ, ನಮ್ಮವ್ರು ಪೆಥಾಲಜಿಗೆ!"

"ಕಾಯ ಹೇ ಕಾಕಾ, ಏನಿದು!" ಡಾಕ್ಟರು ನಕ್ಕರು. "ಮೈಯಾಗ ನೀರಿಲ್ಲಂದ್ರ ಕಿಡ್ನಿಗೆ ರಕ್ತ ಕಮ್ಮಿ ಹೋಗತೈತಿ, ಕ್ರಿಯಾಟಿನಿನ್ ಏರತೈತಿ. ನೀರು ಕುಡಕೋತ ಇದ್ದು, ಮುಂದಿನ ವಾರ ರಕ್ತ, ಮೂತ್ರ ಎರಡೂ ಕೊಡ್ರಿ."

ಆ ವಾರ ಧರಣೇಂದ್ರ ಹಗಲೆಲ್ಲ ನೀರು ಕುಡಿದ, ಸಂಜೆಯೆಲ್ಲ ಹೆದರಿದ. ಮತ್ತೆ ಹೋದಾಗ ಕ್ರಿಯಾಟಿನಿನ್ ಒಂದು ಪಾಯಿಂಟ್ ಒಂದಕ್ಕೆ ಇಳಿದಿತ್ತು. ಅವನು ಕೈಮುಗಿದು ಎದ್ದೇಬಿಟ್ಟ.

"ಕೂಡ್ರಿ ಕಾಕಾ." ಈ ಸಲ ಡಾಕ್ಟರು ನಗಲಿಲ್ಲ. "ಮೂತ್ರದಾಗ ಅಲ್ಬುಮಿನ್ ಅನ್ನೂ ಪ್ರೋಟೀನ್ ಬಂದೈತಿ. ಕಿಡ್ನಿ ಅಂದ್ರ ಜರಡಿ ಇದ್ದಂಗ. ನಿಮ್ಮ ಸಕ್ಕರಿ ಕಾಯಿಲೆಯಿಂದ ಅದರ ತೂತು ದೊಡ್ಡವಾಗಿ ಪ್ರೋಟೀನ್ ಸೋರಾಕತ್ತಿರಬೇಕು. ಒಂದ ಸಲಕ್ಕ ಖರೇ ಅನ್ನಾಕ ಬರಂಗಿಲ್ಲ. ಮೂರು ತಿಂಗಳು ಬಿಟ್ಟು ಮತ್ತ ನೋಡೂಣು. ಅಲ್ಲೀತನಕ ಶುಗರ್, ಬಿಪಿ ಹಿಡತದಾಗ ಇರಲಿ."

ಧರಣೇಂದ್ರ ಮತ್ತೆ ಕೂತ. "ನಮ್ಮಣ್ಣಗೂ ಹಿಂಗ ಶುರು ಆಗಿತ್ತೇನ್ರಿ?"

"ಅವ್ರು ಯಾವಾಗ ತೋರಿಸಿದ್ರು?"

"ಕಾಲು ಬಾತ ಮ್ಯಾಲ."

ಡಾಕ್ಟರು ಬಗ್ಗಿ ಅವನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟರು. ಬಾವಿದ್ದರೆ ಬೀಳುವ ಕುಳಿ ಬೀಳಲಿಲ್ಲ. "ನೀವು ಲಗೂನ ಬಂದೀರಿ," ಅಂದರು.

ಹಿಂತಿರುಗುವ ಬಸ್ಸಿನಲ್ಲಿ ಕಬ್ಬಿನ ಹೊಲಗಳ ಮೇಲೆ ಹೊತ್ತು ಇಳಿಯುತ್ತಿತ್ತು. ಮಾಣಿಕಬಾಯಿ ಬಾಟಲಿ ಚಾಚಿದಳು. "ರೀ, ಮುಳುಗೂ ಮುಂದ ಕುಡೀರಿ."

ಅವನು ಗಟಗಟನೆ ಕುಡಿದ. ಆಮೇಲೆ ಬಲಗೈಯ ಬೆರಳು ತಾನಾಗಿಯೇ ಎಡಗೈಯ ಮಣಿಕಟ್ಟಿಗೆ ಹೋಯಿತು. ಅದುರುತ್ತಿದೆ! ಕಿಟಕಿಯ ಸರಳು ಮುಟ್ಟಿದ, ಅದೂ ಅದುರುತ್ತಿತ್ತು. ಸೀಟು ಮುಟ್ಟಿದ, ಅದೂ. ಬಸ್ಸೇ ಹಾಗೆ ಎಂದು ಗೊತ್ತಾದರೂ, ಇಚಲಕರಂಜಿ ಬರುವವರೆಗೆ ಅವನು ಮಣಿಕಟ್ಟು ಬಿಡಲಿಲ್ಲ.